ನಲವತ್ತೆರಡು ಡಿಗ್ರಿ

ಜನವರಿ ೧೨, ಸೋಮವಾರ

ಅರ್ಜಿ ಹೋಯಿತು. ಮೂರು ಹಾಳೆ, ಎರಡೂ ಮಗ್ಗುಲು. ಕೆಳಗೆ ಅರವತ್ತೆಂಟು ಸಹಿ, ಹದಿನಾಲ್ಕು ಹೆಬ್ಬೆಟ್ಟು. ಅಂಚೆ ಕಚೇರಿಯವನು ಲಕೋಟೆಯನ್ನು ಕೈಯಲ್ಲೇ ತೂಗಿ, “ಇಷ್ಟು ದಪ್ಪ ಅರ್ಜಿ ಯಾರಮ್ಮ ಓದ್ತಾರೆ?” ಎಂದ. ಓದದೆ ಇರಲು ಆಗದಂತೆ ಬರೆದಿದ್ದೇನೆ ಎಂದೆ.

ಸಾರಾಂಶ ಇಲ್ಲಿಯೂ ಇರಲಿ, ಮುಂದೆ ಕರಪತ್ರಕ್ಕೆ ಬೇಕಾಗುತ್ತದೆ. ನಮ್ಮ ಸ್ನಾನದ ಮನೆಗೆ ನೀರು ಬರುವುದು ಬೆಟ್ಟದ ಬುಡದ ಬಿಸಿ ಬುಗ್ಗೆಯಿಂದ. ಅದು ಎಲ್ಲರದ್ದು. ಬೆಳಿಗ್ಗೆ ಹೆಂಗಸರು, ಮಧ್ಯಾಹ್ನದ ಮೇಲೆ ಗಂಡಸರು, ಚೀಟಿಯಿಲ್ಲ, ಕಾಸಿಲ್ಲ. ಕಲ್ಲುಗಣಿಯವರು, ಮೂಟೆ ಹೊರುವವರು, ದಿನವಿಡೀ ತಣ್ಣೀರಲ್ಲಿ ಕೈ ಅದ್ದುವ ಲಾಂಡ್ರಿ ಹೆಂಗಸರು, ಇವರ ಮೂಳೆಗಳೆಲ್ಲ ಆ ನೀರಿನ ದಯೆಯಲ್ಲಿ ನಿಂತಿವೆ. ಮೇಲಿನ ಇಳಿಜಾರಿನ ಹೋಟೆಲಿನವರು ಐದು ವರ್ಷದ ಹಿಂದೆ ತಮ್ಮ ಅತಿಥಿಗಳಿಗಾಗಿ ಒಂದು ಕೊಳವೆ ಬಾವಿ ಕೊರೆದರು. ಈಗ ಇನ್ನೊಂದಕ್ಕೆ ಅನುಮತಿ ಕೇಳಿದ್ದಾರೆ. ಕಾನೂನಿನ ಪ್ರಕಾರ ನಲವತ್ತು ಡಿಗ್ರಿಗೆ ಮೇಲಿನ ಬುಗ್ಗೆ ರಕ್ಷಿತ ಪಟ್ಟಿಯಲ್ಲಿರುತ್ತದೆ. ಅದರ ಹತ್ತಿರ ಹೊಸ ಬಾವಿ ಕೂಡದು, ಅದರ ಸ್ನಾನದ ಮನೆಯನ್ನು ಮುಚ್ಚಕೂಡದು. ನಮ್ಮ ಬುಗ್ಗೆ ಸತ್ತಿದೆ ಎಂದು ಹೋಟೆಲಿನವರ ವಾದ. ಬಂದು ಅಳೆಯಿರಿ, ಊರಿನ ಎದುರಿಗೆ ಅಳೆಯಿರಿ ಎಂದು ನಾನು ಕೇಳಿದ್ದೇನೆ. ಕೊನೆಯ ವಾಕ್ಯದ ಕೆಳಗೆ ಎರಡು ಗೆರೆ ಎಳೆದೆ: ಭೂಮಿಯ ಹೊಟ್ಟೆಯ ಬಿಸಿ ಯಾರ ಅಪ್ಪನ ಆಸ್ತಿಯೂ ಅಲ್ಲ.

ದೊಡ್ಡಮ್ಮ ಎಲ್ಲರಿಗಿಂತ ಕೊನೆಗೆ ಸಹಿ ಮಾಡಿದಳು. ಇಪ್ಪತ್ತಾರು ವರ್ಷದಿಂದ ಸ್ನಾನದ ಮನೆ ನೋಡಿಕೊಳ್ಳುತ್ತಿರುವವಳು ಅವಳು. ಅಮ್ಮ ಹೋದ ಮೇಲೆ ಐದು ವರ್ಷದ ನನ್ನನ್ನು ಸೊಂಟಕ್ಕೆತ್ತಿಕೊಂಡು ಸಾಕಿದವಳೂ ಅವಳೇ. ಮೊದಲ ಸಹಿ ಅವಳದಾಗಬೇಕಿತ್ತು.

“ಅಳೀರಿ ಅಂತ ಯಾಕೆ ಬರೀತೀಯ? ಎರಡನೇ ಬಾವಿ ಬೇಡ ಅಂದ್ರೆ ಸಾಲದಾ?” ಎಂದಳು.

“ಸತ್ಯಕ್ಕೆ ಥರ್ಮಾಮೀಟರ್ ಕಂಡ್ರೆ ಭಯ ಇಲ್ಲ ದೊಡ್ಡಮ್ಮ.”

ಪಕ್ಕದಲ್ಲಿ ಟವೆಲ್ ಮಡಚುತ್ತಿದ್ದ ಬೆನ್ನಕ್ಕನಿಗೆ ಕೆಮ್ಮು ಬಂತು. ಬೆನ್ನು ಉಜ್ಜುವುದು ಅವಳ ಕಸುಬು, ಅದಕ್ಕೇ ಊರಿಗೆಲ್ಲ ಬೆನ್ನಕ್ಕ. ನನಗೆ ‘ಕರಪತ್ರ’ ಎಂದು ಹೆಸರಿಟ್ಟವಳು ಅವಳೇ.

ಜನವರಿ ೨೦, ಮಂಗಳವಾರ

ಉತ್ತರವಿಲ್ಲ. ಹಿಮ ಬಿದ್ದಿದೆ. ಎಂದಿನಂತೆ ಎಂಟು ಗಂಟೆಗೆ ಕೊಳಕ್ಕೆ ಥರ್ಮಾಮೀಟರ್ ಇಳಿಬಿಟ್ಟು ದಾಖಲೆ ಪುಸ್ತಕದಲ್ಲಿ ಬರೆದೆ: ೪೨. ಈ ಕೆಲಸ ನನ್ನ ಕೈಗೆ ಬಂದು ನಾಲ್ಕು ವರ್ಷ, ಒಂದು ದಿನವೂ ತಪ್ಪಿಸಿಲ್ಲ. ಅಧಿಕಾರದ ಕೈಯಲ್ಲಿ ಲಾಠಿ ಇದ್ದರೆ ಜನರ ಕೈಯಲ್ಲಿ ದಾಖಲೆ ಇರಬೇಕು.

ಹಮಾಲಿ ಅಜ್ಜ ಮಧ್ಯಾಹ್ನ ಮೆಟ್ಟಿಲ ಮೇಲೆ ಎಲ್ಲರಿಗಿಂತ ಮೊದಲು ಬಂದು ಕೂತಿದ್ದ. ಐವತ್ತು ವರ್ಷ ಮೂಟೆ ಹೊತ್ತ ಸೊಂಟ ಅದು. ಬಿಸಿನೀರಿಗೆ ಇಳಿದ ಮೇಲೆಯೇ ನೆಟ್ಟಗಾಗುವುದು. “ಏನಮ್ಮ ಕರಪತ್ರ, ಕ್ರಾಂತಿ ಯಾವತ್ತು ಇಟ್ಕೊಂಡಿದ್ದೀಯ? ಮಧ್ಯಾಹ್ನ ಮಾತ್ರ ಬೇಡ. ನಂಗೆ ಸ್ನಾನ ಇರತ್ತೆ” ಎಂದ.

ಇಂಥವರಿಗಾಗಿ ಹೋರಾಡುವುದು ಸುಲಭವಲ್ಲ.

ಫೆಬ್ರವರಿ ೩, ಮಂಗಳವಾರ

ಬರುತ್ತಾರೆ. ಹದಿನೆಂಟನೇ ತಾರೀಕು, ಬೆಳಿಗ್ಗೆ ಹತ್ತಕ್ಕೆ, ಇಲಾಖೆಯ ಭೂವಿಜ್ಞಾನಿ, ಸ್ವಂತ ಉಪಕರಣಗಳೊಂದಿಗೆ. ಹೋಟೆಲಿನ ಮ್ಯಾನೇಜರೂ ಇರಬಹುದಂತೆ. ಇರಲಿ, ಅವನೂ ನೋಡಲಿ.

ಹೆಂಗಸರ ಹೊತ್ತಿನಲ್ಲಿ ಕೊಳದ ಅಂಚಿನ ಮೇಲೆ ನಿಂತು ಪತ್ರವನ್ನು ಗಟ್ಟಿಯಾಗಿ ಓದಿದೆ. ಮೂವತ್ತು ಜನರಿದ್ದರು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಲಾಂಡ್ರಿ ಅಕ್ಕ ಮೂಗಿನವರೆಗೆ ನೀರಿಗಿಳಿದು ಬರೀ ಕಣ್ಣು ಬಿಟ್ಟುಕೊಂಡು ನನ್ನನ್ನು ನೋಡಿದಳು. ಗೆಲುವು ಹತ್ತಿರ ಬಂದಾಗ ದಮನಿತರಿಗೆ ಭಯವಾಗುತ್ತದೆ ಎಂದು ಓದಿದ್ದೇನೆ. ಇಷ್ಟು ಸ್ಪಷ್ಟವಾಗಿ ಕಣ್ಣಾರೆ ಕಂಡದ್ದು ಇದೇ ಮೊದಲು.

ದೊಡ್ಡಮ್ಮ ರಾತ್ರಿ ಊಟಕ್ಕೆ ಎರಡು ಸಲ ಉಪ್ಪು ಹಾಕಿದ್ದಳು.

ಫೆಬ್ರವರಿ ೯, ಸೋಮವಾರ

ಬೆರಳಿಗೆ ಗುಳ್ಳೆ ಎದ್ದಿದೆ, ಬರೆಯುವುದು ಕಷ್ಟ. ಆದರೂ ಕ್ರಮವಾಗಿ ಬರೆಯುತ್ತೇನೆ.

ಅಧಿಕಾರಿ ಬರುವ ಮೊದಲು ಬುಗ್ಗೆಯ ಬಾಯಲ್ಲಿ ಒಂದು ಅಳತೆ ತೆಗೆದಿಡೋಣ ಎನಿಸಿತು. ನಾವು ದಿನಾ ಅಳೆಯುವುದು ಕೊಳದಲ್ಲಿ. ಬಾಯಿಂದ ಕೊಳಕ್ಕೆ ಬರುವ ಹೊತ್ತಿಗೆ ನೀರು ಒಂದಷ್ಟು ಆರಿರುತ್ತದೆ. ಕೊಳವೇ ನಲವತ್ತೆರಡಿದ್ದರೆ ಬಾಯಿ ಐವತ್ತಾದರೂ ಇರಬೇಕು. ಐವತ್ತು ಎಂಬ ಅಂಕಿ ಕರಪತ್ರದಲ್ಲಿ ಚೆನ್ನಾಗಿ ಕಾಣುತ್ತದೆ. ದೊಡ್ಡಮ್ಮ ಸಾಬೂನು ತರಲು ಪೇಟೆಗೆ ಹೋಗಿದ್ದಳು.

ಬಾಯಿ ಇರುವುದು ಕಟ್ಟಡದ ಹಿಂದಿನ ಕಲ್ಲುಕಟ್ಟೆಯೊಳಗೆ, ಮರದ ಮುಚ್ಚಳದ ಕೆಳಗೆ. ಮುಚ್ಚಳದ ಮೇಲೊಂದು ಹಲಗೆ: ‘ತೆರೆಯಬೇಡಿ. ಆವಿ ಸುಡುತ್ತದೆ.’ ಬರೆದವಳು ನಾನೇ. ನಾಲ್ಕು ವರ್ಷದ ಹಿಂದೆ ದೊಡ್ಡಮ್ಮ ಬಣ್ಣ, ಕುಂಚ ತಂದುಕೊಟ್ಟು, ನಿನ್ನ ಅಕ್ಷರ ಮುದ್ದಾಗಿದೆ, ನೀನೇ ಬರಿ ಎಂದಿದ್ದಳು. ಅಂದಿನಿಂದ ನಾನು ಅದರ ಹತ್ತಿರ ಸುಳಿದಿಲ್ಲ. ನನ್ನ ಅಕ್ಷರವನ್ನು ನಾನೇ ನಂಬಿದ್ದೆ.

ಮುಖಕ್ಕೆ ಬಟ್ಟೆ ಸುತ್ತಿಕೊಂಡು ಕೋಲಿನಿಂದ ಮುಚ್ಚಳ ಸರಿಸಿ ಹಿಂದಕ್ಕೆ ಹಾರಿದೆ. ಆವಿ ಬರಲಿಲ್ಲ. ಚಳಿಯಲ್ಲಿ ಬಾಯಿಂದ ಹೊರಡುವ ಉಸಿರಿನಷ್ಟು ಹಬೆ. ಥರ್ಮಾಮೀಟರ್ ಇಳಿಬಿಟ್ಟೆ. ಮೂವತ್ತೆರಡು. ಒರೆಸಿ ಮತ್ತೆ ಬಿಟ್ಟೆ. ಮೂವತ್ತೆರಡು. ಕೆಟ್ಟಿರಬೇಕೆಂದು ಕಂಕುಳಲ್ಲಿಟ್ಟುಕೊಂಡೆ. ಮೂವತ್ತೇಳು. ಬುಗ್ಗೆಗಿಂತ ನನ್ನ ಮೈಯೇ ಬಿಸಿ.

ಓಡಿ ಹೋಗಿ ಕೊಳದಲ್ಲಿ ಅಳೆದೆ. ನಲವತ್ತೆರಡು.

ಮೂವತ್ತೆರಡರ ನೀರು ಇಪ್ಪತ್ತು ಮಾರು ಹರಿದು ನಲವತ್ತೆರಡಾಗುವುದು ಯಾವ ಸೀಮೆಯ ವಿಜ್ಞಾನ? ಕಾಲುವೆಯ ಜಾಡು ಹಿಡಿದು ಬಗ್ಗಿಕೊಂಡು ಹೋದೆ. ಅರ್ಧ ದಾರಿಯಲ್ಲಿ ಗೋಡೆಯಾಚೆಯಿಂದ ಒಂದು ಕಬ್ಬಿಣದ ಕೊಳವೆ ಬಂದು ಸೇರಿತ್ತು. ಮುಟ್ಟಿದೆ, ಗುಳ್ಳೆ ಎದ್ದದ್ದು ಆಗ. ಗೋಡೆಯಾಚೆ ಇರುವುದು ಲಾಂಡ್ರಿಯವರ ಶೆಡ್ಡು, ಅಲ್ಲಿ ಟವೆಲ್ ಕುದಿಸುವ ಸೌದೆ ಬಾಯ್ಲರ್. ಅದು ಟವೆಲಿಗೆ ಮಾತ್ರ ಎಂದು ತಿಳಿದಿದ್ದೆ. ಅದರ ಮೇಲಿನ ಗೋಡೆಯಲ್ಲಿ ಸೀಮೆಸುಣ್ಣದಿಂದ ಬರೆದ ವಾರದ ಸರದಿಯೊಂದಿದೆ. ಟವೆಲ್ ಒಗೆಯುವವರ ಸರದಿ ಎಂದುಕೊಂಡು ನಾಲ್ಕು ವರ್ಷದಿಂದ ಅದರ ಮುಂದೆ ಓಡಾಡಿದ್ದೇನೆ. ಇವತ್ತು ನಿಂತು ಓದಿದೆ. ಹನ್ನೊಂದು ಜನ. ದೊಡ್ಡಮ್ಮ, ಬೆನ್ನಕ್ಕ, ಲಾಂಡ್ರಿಯವರು ಐದು ಜನ, ಗಣಿಯವರು ಮೂವರು. ಶನಿವಾರಕ್ಕೆ ಹಮಾಲಿ ಅಜ್ಜ. ಅವನು ಯಾವ ಟವೆಲ್ ಒಗೆಯುತ್ತಾನೆ?

ಎಲ್ಲರಿಗೂ ಗೊತ್ತಿತ್ತು.

ಫೆಬ್ರವರಿ ೧೦, ಮಂಗಳವಾರ

ದೊಡ್ಡಮ್ಮ ಇಲ್ಲ ಎನ್ನಲಿಲ್ಲ. ಇಲ್ಲ ಎಂದಿದ್ದರೆ ಒಳ್ಳೆಯದಿತ್ತು, ಜಗಳಕ್ಕೆ ಏನಾದರೂ ಸಿಗುತ್ತಿತ್ತು. ಟವೆಲ್ ಕೋಣೆಯಲ್ಲಿ ಬೆನ್ನಕ್ಕನ ಜೊತೆ ಕೂತಿದ್ದಳು. ಕೈಯಲ್ಲಿದ್ದ ಟವೆಲನ್ನು ಪೂರ್ತಿ ಮಡಚಿ, ಗುಡ್ಡೆಯ ಮೇಲಿಟ್ಟು, ಆಮೇಲೆ ನನ್ನ ಮುಖ ನೋಡಿದಳು.

“ಯಾವಾಗಿಂದ?” ಎಂದೆ.

“ನೀನು ಆ ಹಲಗೆ ಬರೆದ ವಾರದಿಂದ. ಆ ಚಳಿಗಾಲ ದಿನಾ ಸ್ವಲ್ಪ ಸ್ವಲ್ಪ ಆರ್ತಾ ಬಂತು. ನಲವತ್ತರ ಕೆಳಗೆ ಹೋಯ್ತು ಅಂತ ಪುರಸಭೆಗೆ ತಿಳಿಸಿದ್ರೆ ಆ ವಾರವೇ ಬೀಗ ಜಡೀತಿದ್ರು. ಹಿಮದಲ್ಲಿ ಇವರೆಲ್ಲ ಎಲ್ಲಿಗೆ ಹೋಗ್ತಿದ್ರು? ಬೇಸಿಗೆ ತನಕ ಒಲೆ ಹಾಕೋಣ ಅಂತ ಶುರು ಮಾಡಿದ್ವಿ.”

“ಬೇಸಿಗೆ ನಾಲ್ಕು ಬಂತು.”

“ಬಂತು.”

“ನಂಗ್ಯಾಕೆ ಹೇಳ್ಲಿಲ್ಲ?”

ಬೆನ್ನಕ್ಕ ಬಾಯಿ ಹಾಕಿದಳು. “ನಿಂಗೆ ಹೇಳೋದೂ ಒಂದೇ, ಗೋಡೆಗೆ ಅಂಟಿಸೋದೂ ಒಂದೇ ಕಣೇ.”

ಹನ್ನೊಂದು ಜನ ಕೂಡಿ ಊರಿಗೆ ಮೋಸ ಮಾಡಿದ್ದೀರಿ ಎಂದೆ. ಬೆನ್ನಕ್ಕನಿಗೆ ಸಿಟ್ಟು ಬಂತು. “ಊರಿಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯಾ? ಸೌದೆ ಎಲ್ಲಿಂದ ಬರತ್ತೆ? ಒಬ್ಬೊಬ್ಬರು ಒಂದೊಂದು ತುಂಡು ಸೆರಗಲ್ಲಿ ಇಟ್ಕೊಂಡು ಸ್ನಾನಕ್ಕೆ ಬರ್ತಾರೆ. ಒಡೆಯನಿಲ್ಲದ ದುಡಿಮೆ, ಕೈಲಾದಷ್ಟು ಕೊಡೋದು, ಬೇಕಾದಷ್ಟು ತಗೊಳೋದು ಅಂತ ನಂಗೆ ಓದಿ ಹೇಳ್ತಿದ್ದೆಯಲ್ಲ. ಅದು ದಿನಾ ಬೆಳಗಿನ ಜಾವ ನಾಲ್ಕಕ್ಕೆ ಗೋಡೆ ಆಚೆ ನಡೀತಿತ್ತು. ನೀನು ಓದಿ ಓದಿ ಸುಸ್ತಾಗಿ ಮಲಗಿರ್ತಿದ್ದೆ.”

ದೊಡ್ಡಮ್ಮನ ಕಡೆ ತಿರುಗಿ, “ನಾಲ್ಕು ವರ್ಷ ನನ್ನ ಕೈಯಿಂದ ಸುಳ್ಳು ಬರೆಸಿದ್ರಿ” ಎಂದೆ.

“ನೀನು ಬರೆದದ್ದು ಸುಳ್ಳಲ್ಲ. ಕೊಳ ನಲವತ್ತೆರಡೇ ಇತ್ತು.” ಇನ್ನೊಂದು ಟವೆಲ್ ಎತ್ತಿಕೊಂಡಳು. “ನಾನು ಬರೆದಿದ್ರೆ ಕೈ ನಡುಗೋದು ಮಗಳೇ. ನೀನು ನಂಬಿ ಬರೀತಿದ್ದೆ. ಅದಕ್ಕೇ ನೋಡಿದೋರೆಲ್ಲ ನಂಬಿದ್ರು.”

ಅಂದರೆ ಪುಸ್ತಕ ನನ್ನ ಕೈಗೆ ಬಂದದ್ದು ನಾನು ಜಾಣೆ ಎಂದಲ್ಲ. ಹದಿನೇಳನೇ ವಯಸ್ಸಿನಲ್ಲಿ ಆ ಪುಸ್ತಕವನ್ನು ಎದೆಗವಚಿಕೊಂಡು ಮಲಗಿದ್ದೆ, ಇದನ್ನು ಅವಳು ನೋಡಿದ್ದಾಳೆ.

ಫೆಬ್ರವರಿ ೧೧, ಬುಧವಾರ

ಯಾರೊಂದಿಗೂ ಮಾತಿಲ್ಲ. ಎಂಟು ಗಂಟೆಗೆ ಪುಸ್ತಕದಲ್ಲಿ ಏನೂ ಬರೆಯಲಿಲ್ಲ. ಮಧ್ಯಾಹ್ನ ತೆರೆದರೆ ದೊಡ್ಡಮ್ಮನ ಸೊಟ್ಟ ಅಕ್ಷರದಲ್ಲಿ ೪೨. ನಿಜವಾಗಿಯೂ ನಡುಗಿದೆ.

ಫೆಬ್ರವರಿ ೧೨, ಗುರುವಾರ

ಹೊಳೆಯಿತು. ಇಷ್ಟು ದಿನ ಹೊಳೆಯದೆ ಹೋದದ್ದು ಸಿಟ್ಟಿನಿಂದ.

ಹೋಟೆಲಿನ ಬಾವಿ ಐದು ವರ್ಷದ ಹಿಂದಿನದು. ಬುಗ್ಗೆ ಆರತೊಡಗಿದ್ದು ಅದಾಗಿ ಒಂದು ಚಳಿಗಾಲ ಕಳೆಯುವಷ್ಟರಲ್ಲಿ. ನಮ್ಮ ಬಿಸಿಯನ್ನು ಮೇಲಿನಿಂದಲೇ ಹೀರಿಕೊಂಡಿದ್ದಾರೆ. ಆ ವಾರವೇ ನಿಜವಾದ ಅಂಕಿಗಳನ್ನು ಬರೆದಿಟ್ಟಿದ್ದರೆ, ೪೧, ೪೦, ೩೮ ಎಂದು ಮೆಟ್ಟಿಲಿಳಿಯುವ ಸಾಲೊಂದಿದ್ದರೆ, ಹೋಟೆಲಿನವರನ್ನು ಕಟಕಟೆ ಹತ್ತಿಸಬಹುದಿತ್ತು. ಕಳ್ಳನ ಕೈಯಲ್ಲಿ ಮಾಲಿತ್ತು, ನಾವು ಕಳವೇ ಆಗಿಲ್ಲ ಎಂದು ದಿನಾ ಸಹಿ ಹಾಕಿದೆವು.

ನಾವು ಎಂದು ಬರೆದೆ. ಅವರು. ಸಹಿ ನನ್ನದು.

ಈಗಲೂ ಹೊತ್ತು ಮೀರಿಲ್ಲ. ಹದಿನೆಂಟಕ್ಕೆ ಒಲೆ ಹೊತ್ತಿಸದೆ, ಇದ್ದದ್ದನ್ನು ಇದ್ದ ಹಾಗೆ ಅಧಿಕಾರಿಗೆ ತೋರಿಸಬೇಕು. ಶನಿವಾರ ಸಭೆ ಕರೆಯುತ್ತೇನೆ.

ಫೆಬ್ರವರಿ ೧೪, ಶನಿವಾರ

ಸಭೆ ಸರದಿಯ ಹನ್ನೊಂದು ಜನರದ್ದು, ಟವೆಲ್ ಕೋಣೆಯಲ್ಲಿ. ಸಭೆಯ ನಿಯಮಗಳನ್ನು ಮೊದಲು ಹೇಳಿದೆ: ಒಬ್ಬೊಬ್ಬರಾಗಿ ಮಾತು, ಕೊನೆಗೆ ಕೈ ಎತ್ತಿ ಮತ, ಬಹುಮತಕ್ಕೆ ಎಲ್ಲರೂ ಬದ್ಧರು. ಎಲ್ಲರೂ ತಲೆಯಾಡಿಸಿದರು. ಬೆನ್ನಕ್ಕ ಮಾತ್ರ, “ಎಲ್ಲರೂ ಅಂದ್ರೆ ನೀನೂನಾ?” ಎಂದಳು. ನಾನೂ ಎಂದೆ.

ಅರ್ಧ ಗಂಟೆ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಬಾವಿ, ಬುಗ್ಗೆ, ತಾರೀಕು, ಎಲ್ಲವನ್ನೂ ಎಳೆ ಎಳೆಯಾಗಿ ಬಿಡಿಸಿಟ್ಟೆ. ನ್ಯಾಯ ನಮ್ಮ ಕಡೆ ಇದೆ ಎಂದೆ.

“ಇರಬಹುದು” ಎಂದ ಹಮಾಲಿ ಅಜ್ಜ. “ಅದು ಬರೋಕೆ ಎಷ್ಟು ವರ್ಷ?”

“ಎಷ್ಟಾದ್ರೂ ಆಗ್ಲಿ. ತಲೆಮಾರಿನ ಪ್ರಶ್ನೆ ಇದು.”

“ನಂದು ಸೊಂಟದ ಪ್ರಶ್ನೆ ಕಣಮ್ಮ. ನಿನ್ನ ನ್ಯಾಯ ಬರೋ ಹೊತ್ತಿಗೆ ಇದು ಮಣ್ಣಲ್ಲಿರತ್ತೆ. ಮಣ್ಣಲ್ಲಿ ನೋವಿರಲ್ಲ, ಅದು ಬೇರೆ.”

ಎಲ್ಲರೂ ನಕ್ಕರು. ಗಂಭೀರವಾದ ಸಭೆಯಲ್ಲಿ ಹೀಗೆ ನಗುವವರನ್ನು ಕಟ್ಟಿಕೊಂಡು ಯಾವ ಚಳವಳಿ ಗೆದ್ದಿದೆ? ಲಾಂಡ್ರಿ ಅಕ್ಕ ನಗಲಿಲ್ಲ. ಎದ್ದು ನಿಂತು ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದಳು. ಗೆಣ್ಣುಗಳು ಬೀಗಿ, ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. “ಬೆಳಿಗ್ಗೆ ಅರ್ಧ ಗಂಟೆ ಬಿಸಿನೀರಲ್ಲಿ ಇಟ್ರೆ ಸಂಜೆ ತನಕ ಬಟ್ಟೆ ಹಿಂಡ್ತೀನಿ. ಇಡದಿದ್ರೆ ಇಲ್ಲ. ನಂಗೆ ಮೂರು ಮಕ್ಕಳು. ನಿನ್ನ ಕರಪತ್ರದಲ್ಲಿ ಇದಕ್ಕೆ ಏನು ಬರೆದಿದ್ದೀಯ ಹೇಳು, ಕೇಳ್ತೀನಿ.”

ಬರೆದಿರಲಿಲ್ಲ.

ಮತಕ್ಕೆ ಹಾಕಿದೆ. ಒಲೆ ಹೊತ್ತಿಸಬೇಕು ಎನ್ನುವವರು ಕೈ ಎತ್ತಿ ಎಂದೆ. ಹತ್ತು ಕೈ ಒಟ್ಟಿಗೆ ಎದ್ದವು. ಹನ್ನೊಂದನೆಯದು ದೊಡ್ಡಮ್ಮನದು, ನಿಧಾನವಾಗಿ, ಭುಜ ನೋಯುವವಳ ಹಾಗೆ. ಬೇಡ ಎನ್ನುವವರು ಎಂದೆ. ನಾನೇ ಕೇಳಿ ನಾನೇ ಎತ್ತಿದೆ.

“ಸಭೆ ಚೆನ್ನಾಗಿತ್ತು. ಇನ್ಮೇಲೆ ವಾರಕ್ಕೊಂದು ಮಾಡೋಣ” ಎಂದಳು ಬೆನ್ನಕ್ಕ.

ನಾನು ಕಲಿಸಿದ ಕೈಯಿಂದಲೇ ನನಗೆ ಹೊಡೆದರು. ಆದರೂ ಬಹುಮತ ಬಹುಮತವೇ. ಹದಿನೆಂಟರಂದು ನಾನು ಬಾಯಿ ಬಿಡುವುದಿಲ್ಲ. ಇದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಫೆಬ್ರವರಿ ೧೮, ಬುಧವಾರ

ನಾನು ಸತ್ಯ ಹೇಳಿದೆ.

ಹತ್ತಕ್ಕೆ ಬಂದರು. ಭೂವಿಜ್ಞಾನಿಗೆ ನೆಗಡಿ, ಕೊಳದ ಹಬೆಗೆ ಕನ್ನಡಕ ಮಂಜಾಗಿ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದರು. ಹೋಟೆಲಿನ ಮ್ಯಾನೇಜರ್ ಬಾಗಿಲಲ್ಲೇ ನಿಂತಿದ್ದ, ಬೂಟು ಒದ್ದೆಯಾಗುತ್ತದೆಂದು. ಅರ್ಧ ಊರು ಗೋಡೆಗುಂಟ ನಿಂತಿತ್ತು. ದೊಡ್ಡಮ್ಮ ಒಗೆದ ಸೀರೆ ಉಟ್ಟು, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

ಕೊಳದ ಮೂರು ಕಡೆ ಅಳೆದರು. ನಲವತ್ತೆರಡು, ನಲವತ್ತೆರಡು, ನಲವತ್ತೆರಡೂವರೆ. ಮ್ಯಾನೇಜರನ ಮುಖ ಸಣ್ಣಗಾಯಿತು. ದಾಖಲೆ ಪುಸ್ತಕ ಕೇಳಿದರು, ಕೊಟ್ಟೆ. ನಿಂತುಕೊಂಡೇ ಹಾಳೆ ಹಾಳೆ ತಿರುವಿದರು. ಹಿಂದಿನ ಸಾಲುಗಳನ್ನು ಬೆರಳಿಟ್ಟು ಓದಿದರು. ಆಮೇಲೆ ಪೆನ್ನಿನ ಕ್ಯಾಪು ತೆಗೆದರು, ವರದಿಯ ಕೆಳಗೆ ಸಹಿ ಮಾಡಲು.

ಅಲ್ಲಿಯವರೆಗೆ ನಾನು ಸುಮ್ಮನಿದ್ದೆ. ಅಲ್ಲಿಗೆ ಮುಗಿಯುತ್ತಿತ್ತು.

ಸಹಿಗೆ ಮೊದಲು ಅವರು ತಲೆಯೆತ್ತಿ ನನ್ನನ್ನು ನೋಡಿ ನಕ್ಕರು. “ಇಪ್ಪತ್ತು ವರ್ಷದ ಸರ್ವೀಸಲ್ಲಿ ಇಂಥ ಪ್ರಾಮಾಣಿಕ ಪುಸ್ತಕ ನಾನು ನೋಡಿಲ್ಲಮ್ಮ” ಎಂದರು.

ಆ ಒಂದು ಮಾತು ಆಡದೆ ಇದ್ದಿದ್ದರೆ!

“ಬಾಯಲ್ಲಿ ಅಳೀರಿ ಸರ್” ಎಂದೆ. “ಇದು ಕೊಳ. ಬುಗ್ಗೆಯ ಬಾಯಿ ಹಿಂದಿದೆ.”

ನಾನೇ ಮುಂದೆ ನಡೆದು ಮುಚ್ಚಳ ತೆಗೆದೆ. ಮೂವತ್ತೆರಡು. ಕೊಳವೆ ತೋರಿಸಿದೆ, ಬಾಯ್ಲರ್ ತೋರಿಸಿದೆ. ಮ್ಯಾನೇಜರ್ ಬೂಟಿನ ಗೊಡವೆ ಬಿಟ್ಟು ನೀರಿನಲ್ಲೇ ನಡೆದು ಬಂದ. ಇದೆಲ್ಲ ಇವರ ಬಾವಿಯಿಂದ ಆದದ್ದು, ನಾಲ್ಕು ವರ್ಷದಿಂದ ಬುಗ್ಗೆ ಆರುತ್ತಿದೆ, ಹೊಣೆ ಇವರದು ಎಂದು ಅವನ ಮುಖದ ಮುಂದೆಯೇ ಬೆರಳು ತೋರಿಸಿದೆ. ದನಿ ನಡುಗಲಿಲ್ಲ.

ಭೂವಿಜ್ಞಾನಿ ಪುಸ್ತಕವನ್ನು ಮತ್ತೆ ತೆರೆದರು. “ಇದು ನಿನ್ನ ಅಕ್ಷರ ತಾನೆ? ನಾಲ್ಕು ವರ್ಷವೂ ನಲವತ್ತೆರಡು ಅಂತಿದೆ. ಯಾವತ್ತು ಇಳೀತು ಅಂತ ಎಲ್ಲಿದೆ?”

“ಅದರಲ್ಲಿಲ್ಲ. ಅದು ನಂಬೋ ಹಾಗಿಲ್ಲ.”

“ಇದನ್ನ ನಂಬಬೇಡಿ ಅಂತ ಇದನ್ನ ಬರೆದೋಳೇ ಹೇಳಿದ್ರೆ, ನಿನ್ನ ಯಾವ ಮಾತು ನಂಬಲಿ ನಾನು?” ಅವರಿಗೆ ಸಿಟ್ಟಿರಲಿಲ್ಲ. ಬೇಸರವಾದಂತಿತ್ತು. “ಹೋಟೆಲಿನ ಮೇಲೆ ಹೊರಿಸೋಕೆ ಒಂದು ಅಂಕಿ ಬೇಕಲ್ಲಮ್ಮ. ಒಂದಾದ್ರೂ.”

ದೊಡ್ಡಮ್ಮ ಮುಂದೆ ಬಂದಳು. “ಒಲೆ ಹಾಕಿದ್ದು ನಾನು. ಈ ಹುಡುಗಿಗೆ ಗೊತ್ತಿರಲಿಲ್ಲ. ಮಿಕ್ಕ ಯಾರಿಗೂ ಗೊತ್ತಿರಲಿಲ್ಲ. ಬರ್ಕೊಳಿ.”

ಮಿಕ್ಕ ಹತ್ತು ಜನ ನೆಲ ನೋಡುತ್ತಿದ್ದರು. ಅಧಿಕಾರಿ ಬರೆದುಕೊಂಡರು. ಎಲ್ಲರೂ ಹೋದ ಮೇಲೆ ಬೆನ್ನಕ್ಕ ನನ್ನೆದುರು ಬಂದು ನಿಂತಳು. ಬೈಯುತ್ತಾಳೆಂದು ಕಾದೆ. ನನ್ನ ಕೈಯಲ್ಲಿದ್ದ ಟವೆಲನ್ನು ತೆಗೆದುಕೊಂಡು ಹೋದಳು.

ಫೆಬ್ರವರಿ ೧೯, ಗುರುವಾರ

ದೊಡ್ಡಮ್ಮನ ಮುಂದೆ ಕೂತು, ಬೈದುಬಿಡು ಎಂದೆ.

“ಸುಳ್ಳು ಹೇಳಬಾರದು ಅಂತ ನಿನ್ನ ಬೆಳೆಸಿದ್ದು ನಾನೇ. ಯಾರನ್ನ ಬೈಲಿ?” ಎಂದಳು. ನನ್ನ ತಟ್ಟೆಗೆ ಬಡಿಸಿದಳು. ತಾನು ಆಮೇಲೆ ಉಣ್ಣುತ್ತೇನೆಂದಳು, ಉಣ್ಣಲಿಲ್ಲ.

ಫೆಬ್ರವರಿ ೨೪, ಮಂಗಳವಾರ

ಆದೇಶ ಬಂತು, ಒಂದೇ ಹಾಳೆ. ಬುಗ್ಗೆ ತಣ್ಣಗಾಗಿರುವುದು ಖಚಿತ, ಕಾರಣ ಮತ್ತು ಕಾಲ ಖಚಿತವಿಲ್ಲ, ದಾಖಲೆಗಳು ವಿಶ್ವಾಸಾರ್ಹವಲ್ಲ. ರಕ್ಷಿತ ಪಟ್ಟಿಯಿಂದ ತೆಗೆಯಲಾಗಿದೆ. ಸ್ನಾನದ ಮನೆಯನ್ನು ಪುರಸಭೆ ಮಾರ್ಚ್ ಎರಡರಂದು ಮುಚ್ಚತಕ್ಕದ್ದು. ಮೇಲ್ವಿಚಾರಕಿಯನ್ನು ಕೆಲಸದಿಂದ ವಜಾ ಮಾಡಲಾಗಿದೆ. ಹೋಟೆಲಿನ ಎರಡನೇ ಬಾವಿಗೆ ಆಕ್ಷೇಪಣೆ ಇಲ್ಲ.

ಮೂರು ಹಾಳೆ ಬರೆದವಳಿಗೆ ಒಂದು ಹಾಳೆಯ ಉತ್ತರ. ಕಾನೂನು ನನಗೆ ಮೋಸ ಮಾಡಿತು.

ಫೆಬ್ರವರಿ ೨೭, ಶುಕ್ರವಾರ

ಹೊಸ ಕರಪತ್ರ ಬರೆಯಲು ಕೂತೆ. ‘ದ್ರೋಹ’ ಎಂದು ದಪ್ಪಗೆ ತಲೆಬರಹ ಹಾಕಿದೆ. ಮೊದಲ ವಾಕ್ಯಕ್ಕೆ ಕರ್ತೃ ಬೇಕು. ಹೋಟೆಲಿನವರು ಎಂದು ಬರೆದು ಹೊಡೆದೆ, ಇಲಾಖೆ ಎಂದು ಬರೆದು ಹೊಡೆದೆ. ದೊಡ್ಡಮ್ಮ ಎಂದು ಬರೆದು ಬಹಳ ಹೊತ್ತು ಹೊಡೆಯದೆ ಕೂತಿದ್ದೆ. ಒಲೆಯ ಬಗ್ಗೆ ಅಂದೇ ನನಗೆ ಹೇಳಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ ಎಂಬುದು ಸತ್ಯ. ಮೇಜಿನ ಮುಂದೆ ಸಂಜೆಯಾಯಿತು.

ಹಮಾಲಿ ಅಜ್ಜನ ಮನೆಗೆ ಹೋದೆ. ಹದಿನೆಂಟರ ಬುಧವಾರದಿಂದ ಬಂದಿಲ್ಲ, ಮೆಟ್ಟಿಲು ಹತ್ತಲು ಆಗುತ್ತಿಲ್ಲವಂತೆ. ಬಾಗಿಲು ಬಡಿದೆ. ಒಳಗಿನಿಂದ, “ಯಾರು?” ಎಂದ. ನಾನು ಎಂದೆ.

“ಕರಪತ್ರ ಇದ್ರೆ ಬಾಗಿಲ ಕೆಳಗೆ ತೂರಿಸಮ್ಮ.”

ಇರಲಿಲ್ಲ. ಅಂಗಳದಲ್ಲಿ ಅವನ ನೀರಿನ ಕೊಡ ಖಾಲಿ ಬಿದ್ದಿತ್ತು. ತುಂಬಿಸಿ ಬಾಗಿಲ ಬಳಿ ಇಟ್ಟು ಬಂದೆ. ಭಾರವಿತ್ತು.

ಮಾರ್ಚ್ ೨, ಸೋಮವಾರ

ಪುರಸಭೆಯ ಗುಮಾಸ್ತ ಬೀಗ, ಅರಗು, ಮೊಹರು ತೆಗೆದುಕೊಂಡು ಹನ್ನೊಂದಕ್ಕೆ ಬಂದ. ದೊಡ್ಡಮ್ಮನನ್ನು ತೆಗೆದುಹಾಕಿರುವುದರಿಂದ ಕಾಗದಕ್ಕೆ ನನ್ನ ಸಹಿ ಬೇಕಿತ್ತು. ದೊಡ್ಡಮ್ಮ ಬೆಳಿಗ್ಗೆಯೇ ತರಕಾರಿ ತರುತ್ತೇನೆಂದು ಹೋಗಿದ್ದಳು. ಚೀಲ ಮಾತ್ರ ಗೂಟದಲ್ಲೇ ನೇತಾಡುತ್ತಿತ್ತು; ಅದನ್ನು ನೋಡಿಯೂ ನನಗೆ ತಿಳಿಯಲಿಲ್ಲ.

ಮೆಟ್ಟಿಲ ಮೇಲೆ ನಿಂತಾಗ ತಿಳಿಯಿತು. ಬಾಗಿಲು ಮುಚ್ಚಿತ್ತು. ಒಳಗೆ ನೀರು ಚಿಮ್ಮಿದ ಸದ್ದು, ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ ಸದ್ದು.

“ಏನದು?” ಎಂದ ಗುಮಾಸ್ತ.

“ಬುಗ್ಗೆ.”

“ಸತ್ತಿದೆ ಅಂತ ಬರೆದಿದ್ದಾರಲ್ಲ?”

“ಸಾಯೋಕೂ ಸ್ವಲ್ಪ ಹೊತ್ತು ಹಿಡಿಯತ್ತೆ.”

ಅವನು ಬೂಟಿನ ಲೇಸು ನೋಡಿಕೊಂಡ. ಒಳಗೆ ಹೋಗಬೇಕಾದರೆ ಬಿಚ್ಚಬೇಕು, ಹೊಟ್ಟೆ ಅಡ್ಡ ಬರುತ್ತದೆ. “ಒಳಗೆ ಹೋಗಿ ನೋಡಿ ಬರೀಬೇಕು, ನಿಯಮ. ಯಾರೂ ಇಲ್ಲ ತಾನೆ? ನಿನ್ನ ಮಾತೇ ಸಾಕು ಬಿಡಮ್ಮ. ಅವತ್ತು ಅಧಿಕಾರಿ ಎದುರಿಗೆ ಸ್ವಂತ ದೊಡ್ಡಮ್ಮನ್ನೇ ಬಿಡಲಿಲ್ಲ ನೀನು. ಊರಿಗೇ ಗೊತ್ತು.”

ಕಾಗದವನ್ನು ಗೋಡೆಗೆ ಒತ್ತಿ ಹಿಡಿದ. ‘ಕಟ್ಟಡ ಖಾಲಿ ಇದೆ. ಒಳಗೆ ಯಾರೂ ಇಲ್ಲ’ ಎಂದು ಬರೆದು, ತಾರೀಕು ಹಾಕಿ, ಸಹಿ ಮಾಡಿದೆ. ಅಕ್ಷರ ಚೆನ್ನಾಗಿದೆ ಎಂದ. ಬೀಗ ಹಾಕಿ, ಅರಗು ಕಾಯಿಸಿ ಮೊಹರು ಒತ್ತಿ, ಕೈ ಒರೆಸಿಕೊಂಡು ಹೋದ. ಲಾಂಡ್ರಿ ಶೆಡ್ಡಿನ ಕಡೆ ಅವನು ತಿರುಗಿಯೂ ನೋಡಲಿಲ್ಲ; ಅದು ಲಾಂಡ್ರಿಯವರದ್ದು, ಆದೇಶದಲ್ಲಿಲ್ಲ. ಅಲ್ಲಿಂದ ಕೊಳಕ್ಕೆ ಒಂದು ಸಣ್ಣ ಬಾಗಿಲಿರುವುದು ನನಗೂ ಇವತ್ತೇ ಗೊತ್ತಾದದ್ದು.

ಮೆಟ್ಟಿಲ ಮೇಲೆ ಕೂತೆ. ಒಳಗೆ ಈಗ ಎಲ್ಲರೂ ಬಾಯಿಬಿಟ್ಟು ಮಾತಾಡುತ್ತಿದ್ದರು. ದೊಡ್ಡಮ್ಮನ ದನಿ ಕೇಳಿಸಿತು. ನನಗೆ ಬುದ್ಧಿ ಬಂದಾಗಿನಿಂದ ಅವಳು ಎಲ್ಲರೊಡನೆ ಕೊಳಕ್ಕಿಳಿದದ್ದು ನೆನಪಿಲ್ಲ. ಕೆಲಸದವಳು ಇಳಿಯಬಾರದು ಎನ್ನುತ್ತಿದ್ದಳು. ಹಮಾಲಿ ಅಜ್ಜನ ಕೆಮ್ಮೂ ಕೇಳಿಸಿತು, ಹೆಂಗಸರ ಹೊತ್ತಿನಲ್ಲಿ. ಅವನನ್ನು ಯಾರೋ ಹೊತ್ತುಕೊಂಡೇ ತಂದಿರಬೇಕು. ಸಭೆ ಸೇರಿ, ಮಾತಾಡಿ, ಎಲ್ಲ ತೀರ್ಮಾನಿಸಿದ್ದಾರೆ. ಈ ಸಲವೂ ನನಗೆ ಒಂದು ಮಾತು ಹೇಳಿಲ್ಲ. ಗುಮಾಸ್ತ ಎಷ್ಟು ಹೊತ್ತಿಗೆ ಬರುತ್ತಾನೆಂದು ನನಗೆ ಗೊತ್ತಿತ್ತು. ಹೇಳಿದ್ದರೆ ಅದನ್ನಾದರೂ ತಿಳಿಸುತ್ತಿದ್ದೆ, ಬಾಯಿ ಮುಚ್ಚಿಕೊಂಡು ಕೂರುವಂತೆ ಎಚ್ಚರಿಸುತ್ತಿದ್ದೆ. ಇವರನ್ನು ಕ್ಷಮಿಸುವುದು ನನ್ನಿಂದಾಗದ ಮಾತು.

ಎಷ್ಟೋ ಹೊತ್ತಿನ ಮೇಲೆ ಬೆನ್ನಕ್ಕ ಶೆಡ್ಡಿನ ಕಡೆಯಿಂದ ತಲೆಗೆ ಟವೆಲ್ ಸುತ್ತಿಕೊಂಡು ಬಂದಳು. ಮೈಯಿಂದ ಹಬೆ ಏಳುತ್ತಿತ್ತು. ನನ್ನನ್ನು ದಾಟಿ ನಾಲ್ಕು ಹೆಜ್ಜೆ ಹೋದವಳು ನಿಂತಳು, ತಿರುಗಲಿಲ್ಲ.

“ಅಲ್ಲಿ ಕೂತ್ಕೋಬೇಡ. ಬೀಗ ಹಾಕಿರೋ ಬಾಗಿಲಿಗೆ ಕಾವಲು ಕೂತ್ರೆ ಒಳಗೆ ಏನೋ ಇದೆ ಅಂತ ನೋಡಿದೋರಿಗೆ ಗೊತ್ತಾಗತ್ತೆ.”

ಹನ್ನೆರಡು ದಿನದಲ್ಲಿ ಅವಳು ನನಗೆ ಆಡಿದ ಮೊದಲ ಮಾತು. ಎದ್ದು ಮನೆಗೆ ಬಂದೆ.